ನಾಲ್ಕು ಕಾಜ

"ಕಿತ್ತಳೆಯಷ್ಟಿದೆ ಗೆಡ್ಡೆ," ಎಂದರು ಡಾಕ್ಟರ್ ಚೋಂದಮ್ಮ,
ಸ್ಕ್ಯಾನಿನ ಹಾಳೆಯನ್ನು ಕಿಟಕಿಗೆ ಹಿಡಿದು.
ಯಾವ ಕಿತ್ತಳೆ, ಎಂದೆ. ನಮ್ಮದೋ, ನಾಗಪುರದ್ದೋ?
ಅವರು ನಕ್ಕರು. ನಾನು ನಗಲಿಲ್ಲ.
ನಾಗಪುರದ್ದಕ್ಕೆ ಸಿಪ್ಪೆ ಸಡಿಲ, ಅಳತೆ ತಪ್ಪಿದ ರವಿಕೆಯ ಹಾಗೆ,
ಹೆಬ್ಬೆರಳು ತೂರಿದರೆ ಕಳಚಿ ಬೀಳುತ್ತದೆ.
ಕೊಡಗಿನದು ತೊಳೆಗೆ ಅಂಟಿಕೊಂಡೇ ಇರುತ್ತದೆ,
ಉಗುರಿನ ಸಂದಿಯಲ್ಲಿ ಉರಿ ಇಟ್ಟು ಬಿಡುತ್ತದೆ.

ಇಪ್ಪತ್ತೆರಡು ವರ್ಷ ವಿರಾಜಪೇಟೆಯಲ್ಲಿ ಹೊಲಿದವಳು ನಾನು,
ಗಡಿಯಾರ ಕಂಬದ ಹತ್ತಿರ, ಮಾಳಿಗೆ ಮೇಲಿನ ಅಂಗಡಿ.
ಅಳತೆಪಟ್ಟಿ ಸುತ್ತುವಾಗ ಹೆಂಗಸರು
ಕನ್ನಡಿಗೂ ಹೇಳದ್ದನ್ನು ಹೇಳುತ್ತಾರೆ.

ಬೊಳ್ಳಕ್ಕ ಹೇಳಿದ್ದು ಮೈಸೂರಿನ ರೋಬೋಟಿನ ಕತೆ:
ನಾಲ್ಕು ಕೈ ಅದಕ್ಕೆ, ಒಂದೂ ನಡುಗುವುದಿಲ್ಲ.
ಡಾಕ್ಟರು ಮೂಲೆಯಲ್ಲಿ ಕೂತು
ಪೆಟ್ಟಿಗೆಯೊಳಗೆ ಮುಖ ಇಟ್ಟು ಆಡಿಸುತ್ತಾರಂತೆ.
ಒಂದು ವರ್ಷದ ಕರಿಮೆಣಸು ಪೂರ್ತಿ ಬಿಲ್ಲಿಗೆ ಹೋಯಿತು ಎಂದಳು,
ಗೊಣಗಿದ್ದಲ್ಲ, ಒಡವೆ ತೋರಿಸಿದ ಹಾಗೆ.
"ನೆರಿಗೆ ಹಿಂದಕ್ಕೆ ಸಿಕ್ಕಿಸುವವರು ನಾವು,
ಮುಂದೆ ಏನೂ ಒತ್ತುವುದಿಲ್ಲ. ಮೂರನೇ ವಾರಕ್ಕೆ ಸೀರೆ ಉಟ್ಟೆ."

ಕರಿಚ್ಚಿಗೆ ಮಡಿಕೇರಿಯ ದೊಡ್ಡಾಸ್ಪತ್ರೆ.
ನಾಲ್ಕು ಹೆತ್ತವಳು, ಗರ್ಭಕೋಶ ತಾನಾಗಿ ಜಗ್ಗಿ ಇಳಿದಿತ್ತು.
ಕೆಳಗಿನಿಂದಲೇ ತೆಗೆದರು.
ಹೊಟ್ಟೆಯ ಮೇಲೆ ಸೂಜಿ ತಾಗಿದ ಗುರುತೂ ಇಲ್ಲ.
ಹೊಲಿಗೆಯಲ್ಲಿ ಅದಕ್ಕಿಂತ ಮೇಲಿನ ಕೆಲಸ ನನಗೆ ಗೊತ್ತಿಲ್ಲ,
ಮೇಲುಬಟ್ಟೆ ಮುಟ್ಟದೆ ಒಳಗಿನ ಲೈನಿಂಗು ಬಿಚ್ಚುವುದು.
ಎರಡು ವಾರಕ್ಕೆ ಮೇಸ್ತ್ರಿ ಲೈನುಮನೆಗೆ ಬಂದ.
ಆಪರೇಷನ್, ಎಂದಳು.
ಗಾಯ ಎಲ್ಲಿ, ತೋರಿಸು, ಎಂದ.
ಮೆಣಸಿನ ಏಣಿ ಹತ್ತಿದಳು.

ಅಮ್ಮನದು ಹೊಕ್ಕುಳಿನಿಂದ ಕೆಳಕ್ಕೆ ಜಿಪ್ಪಿನ ಉದ್ದ.
ದಾರ ದಪ್ಪ ಆ ಕಾಲಕ್ಕೆ.
ಕೆಮ್ಮು ಬಂದರೆ ದಿಂಬು ಅವಚಿಕೊಂಡು ಕೆಮ್ಮುತ್ತಿದ್ದಳು,
ಇಗರ್ಜಿಯಲ್ಲಿ ಮೊಣಕಾಲೂರುವ ಮೊದಲು
ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು.

ಇದರಲ್ಲಿ ಯಾವುದು ಒಳ್ಳೆಯದು, ಎಂದು ಕೇಳಿಯೇ ಬಿಟ್ಟೆ.
ಚೀಟಿಯ ಬೆನ್ನಿನಲ್ಲಿ ಪೇರಳೆಯಂಥದೊಂದು ಬರೆದರು, ಬಾಣ ಹಾಕಿದರು.
"ಕೆಳಗಿನಿಂದ ಆಗುವುದಾದರೆ ಅದೇ ಮೊದಲು.
ಹಳೆಯ ದಾರಿ, ಖರ್ಚು ಕಡಿಮೆ, ಬೇಗ ಏಳಬಹುದು.
ನಿನಗೆ ಎರಡು ಸಿಸೇರಿಯನ್. ಮೂತ್ರಚೀಲ ಬಂದು ಅಂಟಿದೆ.
ನಿನ್ನದು ನಮ್ಮೂರ ಕಿತ್ತಳೆಯೇ, ಜಸಿಂತಾ.
ಕಣ್ಣಿಟ್ಟು ಬಿಡಿಸಬೇಕು."
ರೋಬೋಟು?
"ನಿನ್ನ ವಿಷಯದಲ್ಲಿ, ನನ್ನ ಕೈಗೆ ಆಗುವುದನ್ನೇ ಅದೂ ಮಾಡುವುದು.
ನಿನಗೆ ಹೆಚ್ಚಿನದು ಬಿಲ್ಲು ಮಾತ್ರ."
ಕಂತಿನಲ್ಲಿ ತಂದ ನನ್ನ ಕಸೂತಿ ಮೆಷಿನ್ನು ನೆನಪಾಯಿತು;
ಹೂ ನೆಟ್ಟಗೆ ಬರುತ್ತದೆ,
ಯಾವ ಹೂ ಎಂದು ಅದಕ್ಕೆ ಗೊತ್ತಿಲ್ಲ.

ನಾಲ್ಕು ತೂತು. ಕ್ಯಾಮೆರಾಕ್ಕೆ ಒಂದು, ಕತ್ತರಿ ಚಿಮಟಗಳಿಗೆ ಮೂರು.
ಕಾಜದಲ್ಲಿ ಕಿತ್ತಳೆ ತೂರುವುದಿಲ್ಲವಲ್ಲ, ಎಂದೆ.
ಬಿಡಿಸುವುದು ಮೇಲಿನಿಂದ, ತೆಗೆಯುವುದು ಕೆಳಗಿನಿಂದ, ಎಂದರು.
ಹಾಗೇ ಆಯಿತು.
ಮಕ್ಕಳಿಬ್ಬರೂ ಬಾರದ ಹಾದಿಯಲ್ಲಿ
ಅವರಿದ್ದ ಮನೆ ಹೊರಟುಹೋಯಿತು.

ಹೊಟ್ಟೆಗೆ ತುಂಬಿದ ಗಾಳಿ ಎರಡು ದಿನ ಹೆಗಲಲ್ಲಿ ಕೂತಿತ್ತು,
ಹಿಂದೆ ಯಾರೋ ನಿಂತು ಕೈ ಇಟ್ಟ ಹಾಗೆ.
ಒಂಬತ್ತನೇ ದಿನ ಪಟ್ಟಿ ಬಿಚ್ಚಿ ಕನ್ನಡಿಗೆ ನಿಂತೆ.
ಮೂರು ಕಾಜ ಸರಿಯಿದ್ದವು.
ಎಡಗಡೆಯದು ಎಳೆ ಬಿಗಿದು ತುಸು ಓರೆ;
ಕಲಿಯುವ ಹುಡುಗಿ ಹೊಲಿದಿದ್ದರೆ ಬಿಚ್ಚಿಸುತ್ತಿದ್ದೆ.

ಭಾನುವಾರ ಕರಿಚ್ಚಿ ನೋಡಲು ಬಂದಳು,
ಉಗುರಿನಲ್ಲಿ ಹಸಿಮೆಣಸಿನ ಕಪ್ಪು.
ಸೆರಗು ಸರಿಸಿ ತೋರಿಸಿದೆ.
ಬಹಳ ಹೊತ್ತು ನೋಡಿದಳು, ಬೆರಳು ತಾಗಿಸಲಿಲ್ಲ.
"ನಾಲ್ಕುಂಟು ನಿಮಗೆ," ಎಂದಳು.
"ನಂಗೆ ಒಂದಿದ್ದಿದ್ರೆ ಸಾಕಿತ್ತು."